ಹರಾಜಿನ ಪುಟ ಎಷ್ಟು ಸೆಕೆಂಡಿಗೊಮ್ಮೆ ರಿಫ್ರೆಶ್ ಆಗಬೇಕು?

ಆನ್‌ಲೈನ್ ಹರಾಜಿನಲ್ಲಿ ಪರದೆಯ ಮೇಲೆ ಕಾಣುವ ಬೆಲೆ ಈ ಕ್ಷಣದ ಬೆಲೆಯಲ್ಲ, ಪುಟ ಕಡೆಯ ಸಲ ಲೋಡ್ ಆದಾಗ ಇದ್ದ ಬೆಲೆ. ಪುಟವನ್ನು 30 ಸೆಕೆಂಡಿಗೊಮ್ಮೆ ತಾನೇ ರಿಫ್ರೆಶ್ ಆಗುವಂತೆ ಇಟ್ಟರೆ, ನೀವು ನೋಡುವ ಸುದ್ದಿ ಸರಾಸರಿ 15 ಸೆಕೆಂಡ್ ಹಳೆಯದು. ಹೆಚ್ಚೆಂದರೆ 30 ಸೆಕೆಂಡ್, ಅದರ ಮೇಲೆ ಪುಟ ಬಂದು ತಲುಪಲು ಹಿಡಿಯುವ ಒಂದೆರಡು ಸೆಕೆಂಡ್. ಅಂತರವನ್ನು 5 ಸೆಕೆಂಡಿಗೆ ಇಳಿಸಿದರೆ ಸರಾಸರಿ ಎರಡೂವರೆಗೆ ಬರುತ್ತದೆ, ಆದರೆ ಸರ್ವರಿನ ಮೇಲೂ ನಿಮ್ಮ ಡೇಟಾ ಮೇಲೂ ಹೊರೆ ಆರು ಪಟ್ಟಾಗುತ್ತದೆ. ಆ ಹನ್ನೆರಡು ಸೆಕೆಂಡಿನ ಲಾಭಕ್ಕೆ ಬೆಲೆ ಇದೆಯೇ ಇಲ್ಲವೇ ಎಂಬುದು ಹರಾಜು ಹೇಗೆ ಮುಗಿಯುತ್ತದೆ ಎನ್ನುವುದರ ಮೇಲೆ ನಿಂತಿದೆ. ಸೆಟ್ಟಿಂಗ್ ಮುಟ್ಟುವ ಮೊದಲು ನಿಯಮಾವಳಿಯಲ್ಲಿ ಆ ಒಂದು ಸಾಲನ್ನು ಹುಡುಕಿ ಓದಬೇಕು.

ಎಪಿಎಂಸಿಯಿಂದಲೇ ಶುರು ಮಾಡೋಣ, ಏಕೆಂದರೆ ಅಲ್ಲಿ ಉತ್ತರ ಸುಲಭ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ನಡೆಯುವುದು ಇ-ಟೆಂಡರ್. ವರ್ತಕರು ಪ್ರತಿ ಲಾಟ್‌ಗೆ, ಅಂದರೆ ಮಾರಾಟಕ್ಕಿಟ್ಟ ಒಂದೊಂದು ರಾಶಿಗೆ, ದರ ಬರೆಯುತ್ತಾರೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ಸಮಯ ಮುಗಿದ ಮೇಲೆ ಗರಿಷ್ಠ ದರ ಘೋಷಣೆಯಾಗುತ್ತದೆ. ಇಲ್ಲಿ ರಿಫ್ರೆಶ್ ಮಾಡಿ ನೋಡುವುದಕ್ಕೆ ಏನೂ ಇಲ್ಲ.

ಬ್ಯಾಂಕುಗಳು ಸರ್ಫೇಸಿ ಕಾಯ್ದೆಯಡಿ (ತೀರದ ಸಾಲಕ್ಕೆ ಅಡಮಾನದ ಆಸ್ತಿ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) ಆಸ್ತಿ ಹರಾಜು ಹಾಕುವಾಗ ಮಾರಾಟ ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ಬಗೆಯ ಸಾಲು ಇರುತ್ತದೆ: ಕೊನೆಯ ನಿಮಿಷಗಳಲ್ಲಿ ಬಿಡ್ ಬಂದರೆ ಅವಧಿ 5 ಅಥವಾ 10 ನಿಮಿಷ ವಿಸ್ತರಣೆ, ವಿಸ್ತರಣೆಗೆ ಮಿತಿ ಇಲ್ಲ. ಎದುರಾಳಿ ಕಡೇ ಕ್ಷಣದಲ್ಲಿ ಬಿಡ್ ಒತ್ತಿದರೂ ನಿಮಗೆ ಮತ್ತೆ ಸುಮಾರು 5 ನಿಮಿಷ ಸಿಗುತ್ತದೆ. 30 ಸೆಕೆಂಡಿನ ಅಂತರದಲ್ಲಿ ನೋಡುತ್ತಿದ್ದರೂ ಯೋಚಿಸಲು ನಾಲ್ಕೂವರೆ ನಿಮಿಷ ಕೈಯಲ್ಲಿರುತ್ತದೆ. ಇಂಥ ಕಡೆ ಎರಡು ಸೆಕೆಂಡಿಗೊಮ್ಮೆ ಪುಟ ಎಳೆಯುವುದು ಬರೀ ಆತಂಕದ ಕೆಲಸ. ಪ್ರಕಟಣೆಯಲ್ಲಿ ಬರೆದ ಮುಕ್ತಾಯದ ಹೊತ್ತಿಗೆ ಕಿಟಕಿ ಮುಚ್ಚಿ ಎದ್ದುಹೋಗುವುದು ಇದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ನಿಜವಾದ ಪೈಪೋಟಿ ಶುರುವಾಗುವುದೇ ಆಮೇಲೆ.

ಇನ್ನು ಇಬೇ. 1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ‘ಆಕ್ಷನ್‌ವೆಬ್’ ಎಂಬ ಹೆಸರಿನಲ್ಲಿ ತೆರೆದ ಈ ಮಾರುಕಟ್ಟೆಯಲ್ಲಿ ಮುಕ್ತಾಯದ ಸಮಯ ಗಟ್ಟಿ, ಒಂದು ಸೆಕೆಂಡೂ ಮುಂದಕ್ಕೆ ಹೋಗುವುದಿಲ್ಲ. ಇದೇ ಕಾರಣಕ್ಕೆ ಅಲ್ಲಿ ‘ಸ್ನೈಪಿಂಗ್’, ಅಂದರೆ ಕಡೆಯ ಕೆಲವು ಸೆಕೆಂಡುಗಳಲ್ಲಿ ಬಿಡ್ ಹಾಕಿ ಎದುರಾಳಿಗೆ ಉತ್ತರಿಸಲು ಸಮಯವೇ ಕೊಡದಿರುವ ಅಭ್ಯಾಸ ಬೆಳೆಯಿತು. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಬೇಯನ್ನು ಅಮೆಜಾನ್ ಆಗ ನಡೆಸುತ್ತಿದ್ದ ಹರಾಜಿನ ಜೊತೆ ಹೋಲಿಸಿತ್ತು. ಅಮೆಜಾನಿನಲ್ಲಿ ಹತ್ತು ನಿಮಿಷ ಯಾರೂ ಬಿಡ್ ಮಾಡದಿದ್ದರೆ ಮಾತ್ರ ಹರಾಜು ಮುಗಿಯುತ್ತಿತ್ತು. ಕಡೆಯ ಗಳಿಗೆಯ ನೂಕುನುಗ್ಗಲು ಇಬೇಯಲ್ಲಿ ಬಹಳ ಹೆಚ್ಚಿತ್ತು, ಅಮೆಜಾನಿನಲ್ಲಿ ಬಹಳ ಕಡಿಮೆ.

ಇಬೇ ಪುಟದ ಬೆಲೆಯನ್ನು ಓದುವಾಗ ಇನ್ನೊಂದು ವಿಷಯ ನೆನಪಿರಲಿ. ಅಲ್ಲಿ ನೀವು ಕೊಡುವುದು ನಿಮ್ಮ ಗರಿಷ್ಠ ಮಿತಿ. ಅದನ್ನು ಮುಚ್ಚಿಟ್ಟುಕೊಂಡ ವ್ಯವಸ್ಥೆ, ಬೇಕಾದಷ್ಟು ಮಾತ್ರ ನಿಮ್ಮ ಪರವಾಗಿ ಏರಿಸುತ್ತದೆ. ಒಬ್ಬರು 80 ಡಾಲರ್ ಮಿತಿ ಹಾಕಿದ್ದಾರೆ, ಪುಟದಲ್ಲಿ ತೋರುವ ಬೆಲೆ 40 ಎಂದುಕೊಳ್ಳಿ. ನೀವು 60 ಹಾಕಿದ ಕೂಡಲೇ ಬೆಲೆ 61ಕ್ಕೆ ಏರುತ್ತದೆ (ಆ ಹಂತದಲ್ಲಿ ಏರಿಕೆಯ ಮೆಟ್ಟಿಲು ಒಂದು ಡಾಲರ್), ಮುಂದಿರುವವರು ಅವರೇ. ಸಾವಿರ ಸಲ ರಿಫ್ರೆಶ್ ಮಾಡಿದರೂ ಆ 80 ನಿಮಗೆ ಕಾಣುವುದಿಲ್ಲ. ಪುಟ ತೋರಿಸುವುದು ಎರಡನೆಯವರು ಎಲ್ಲಿ ನಿಂತರು ಎಂಬುದನ್ನು ಮಾತ್ರ. ಹಾಗಾಗಿ ಗಟ್ಟಿ ಮುಕ್ತಾಯದ ಹರಾಜಿನಲ್ಲಿ ಪುಟ ಕಾಯುವುದರ ಉಪಯೋಗ ಒಂದೇ: ಬೆಲೆ ಆಗಲೇ ನಿಮ್ಮ ಮಿತಿ ದಾಟಿದ್ದರೆ ಬಿಟ್ಟುಬಿಡುವುದು, ದಾಟದಿದ್ದರೆ ಕೊನೆಯ 8–10 ಸೆಕೆಂಡ್ ಇರುವಾಗ ನಿಜವಾದ ಮಿತಿಯನ್ನು ಒಂದೇ ಸಲ ಹಾಕುವುದು. ಇಬ್ಬರ ಮಿತಿಯೂ ಒಂದೇ ಆದರೆ ಮೊದಲು ಹಾಕಿದವರಿಗೇ ವಸ್ತು. ತಡವಾಗಿ ಹಾಕುವವರು 60ರ ಬದಲು 60.57 ಎಂದು ಬರೆಯುವುದು ಇದಕ್ಕೇ.

ಕೊನೆಗಳಿಗೆಯಲ್ಲಿ ಇನ್ನೂ ತಡ ಮಾಡಬಾರದೇಕೆ? ಸರ್ವರ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದೆ ಎಂದುಕೊಳ್ಳಿ, ಬೆಂಗಳೂರಿನಿಂದ ಅಲ್ಲಿಗೆ ಸುಮಾರು 14,000 ಕಿಲೋಮೀಟರ್. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ ನೇರವಾಗಿಯೇ ಇದ್ದರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕು, ಕೇಬಲ್ ನೇರವಾಗಿರುವುದಿಲ್ಲ. ಹೊಸ ಸಂಪರ್ಕವಾದರೆ ನಿಮ್ಮ ಯಂತ್ರವೂ ಸರ್ವರೂ ಪರಸ್ಪರ ಕೈಕುಲುಕಲು ಇಂಥ ಹೋಗಿಬರುವ ಒಂದು ಸುತ್ತು, ಗೂಢಲಿಪಿಗೆ ಒಂದೆರಡು ಸುತ್ತು, ಆಮೇಲೆ ನಿಮ್ಮ ಬಿಡ್. ಇದರ ಮೇಲೆ ‘ಖಚಿತಪಡಿಸಿ’ ಎಂಬ ಎರಡನೆಯ ಗುಂಡಿ.

ರಿಫ್ರೆಶ್ ಅಂತರ ಆರಂಭದಿಂದ ಕೊನೆಯವರೆಗೆ ಒಂದೇ ಇರಬೇಕಾಗಿಲ್ಲ. ಗಂಟೆಗಟ್ಟಲೆ ಸಮಯ ಇರುವಾಗ 10 ನಿಮಿಷಕ್ಕೊಮ್ಮೆ ಸಾಕು, ಕೊನೆಯ ಒಂದು ಗಂಟೆಯಲ್ಲಿ ಒಂದೆರಡು ನಿಮಿಷಕ್ಕೊಮ್ಮೆ, ಕೊನೆಯ ಹತ್ತು ನಿಮಿಷದಲ್ಲಿ 15–20 ಸೆಕೆಂಡಿಗೊಮ್ಮೆ. ಬಿಡ್ ಬರೆಯಲು ಕೂರುವ ಹೊತ್ತಿಗೆ ಪೂರ್ತಿ ನಿಲ್ಲಿಸಬೇಕು, ಇಲ್ಲವಾದರೆ ಅರ್ಧ ಟೈಪ್ ಮಾಡಿದ ಮೊತ್ತ ಪುಟದೊಂದಿಗೇ ಅಳಿಸಿಹೋಗುತ್ತದೆ. ನೋಡಲು ಒಂದು ಟ್ಯಾಬ್, ಬಿಡ್ ಹಾಕಲು ಇನ್ನೊಂದು ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಸರ್ಕಾರಿ ಪೋರ್ಟಲುಗಳು ಮಾತ್ರ ಎರಡು ಟ್ಯಾಬ್ ಕಂಡರೆ ಲಾಗಿನ್ನನ್ನೇ ಕಿತ್ತುಹಾಕುತ್ತವೆ. ‘ರಿಫ್ರೆಶ್ ಒತ್ತಬೇಡಿ’ ಎಂದು ಬರೆದಿರುವ ಕಡೆ ಅದನ್ನು ನಂಬಿ, ಅಂಥ ಪುಟ ಸಾಮಾನ್ಯವಾಗಿ ತಾನೇ ಬೆಲೆ ಬದಲಿಸಿಕೊಳ್ಳುತ್ತದೆ.

ಬ್ರೌಸರಿಗೆ ಹಾಕುವ ಆಟೋ ರಿಫ್ರೆಶ್ ಎಕ್ಸ್‌ಟೆನ್ಷನ್ನುಗಳಲ್ಲಿ ಸಾಮಾನ್ಯ ರಿಫ್ರೆಶ್, ಹಾರ್ಡ್ ರಿಫ್ರೆಶ್ ಎಂಬ ಎರಡು ಆಯ್ಕೆ ಇರುವುದುಂಟು. ಸಾಮಾನ್ಯದಲ್ಲಿ ಚಿತ್ರ, ಫಾಂಟ್‌ಗಳು ನಿಮ್ಮ ಯಂತ್ರದ ಕ್ಯಾಶಿನಿಂದಲೇ, ಅಂದರೆ ಹಿಂದೆ ಇಳಿಸಿಟ್ಟ ಪ್ರತಿಗಳಿಂದಲೇ, ಬರುತ್ತವೆ; ಹಾರ್ಡ್‌ನಲ್ಲಿ ಎಲ್ಲವೂ ಹೊಸದಾಗಿ ಇಳಿಯುತ್ತದೆ. ಪುಟದ ಪಠ್ಯ 200 ಕೆಬಿ, ಚಿತ್ರಗಳೂ ಸೇರಿ 3 ಎಂಬಿ ಎಂದಿಟ್ಟುಕೊಂಡರೆ, 30 ಸೆಕೆಂಡಿಗೊಮ್ಮೆ ಎಂದರೆ ಗಂಟೆಗೆ 120 ಸಲ. ಸಾಮಾನ್ಯಕ್ಕೆ 24 ಎಂಬಿ, ಹಾರ್ಡ್‌ಗೆ 360 ಎಂಬಿ. ಬೆಲೆ ಇರುವುದು ಪಠ್ಯದಲ್ಲಿ, ಆದ್ದರಿಂದ ಹಾರ್ಡ್ ರಿಫ್ರೆಶ್ ಬಹುಪಾಲು ವ್ಯರ್ಥ. ಈ ಎಕ್ಸ್‌ಟೆನ್ಷನ್ನುಗಳಲ್ಲಿ ಹಲವು ‘ಎಲ್ಲ ಸೈಟುಗಳ ದತ್ತಾಂಶ ಓದುವ, ಬದಲಿಸುವ’ ಅನುಮತಿ ಕೇಳುತ್ತವೆ. ಠೇವಣಿ ಕಟ್ಟುವ ನೆಟ್ ಬ್ಯಾಂಕಿಂಗ್ ಅದೇ ಬ್ರೌಸರಿನಲ್ಲಿದ್ದರೆ ಅದು ಭಯ ಹುಟ್ಟಿಸಬೇಕಾದ ಮಾತು. ಹರಾಜಿಗೆ ಬೇರೆ ಬ್ರೌಸರ್ ಪ್ರೊಫೈಲ್ ತೆರೆದು, ಅನುಮತಿಯನ್ನು ಆ ಒಂದು ಸೈಟಿಗೆ ಮಾತ್ರ ಕೊಡಿ.

ಸದ್ದಿಲ್ಲದೆ ಕೈಕೊಡುವ ತೊಂದರೆಗಳೇ ಹೆಚ್ಚು. 2021ರಲ್ಲಿ ಬಂದ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಹಿನ್ನೆಲೆಯಲ್ಲಿ ಸುಮ್ಮನೆ ಕೂತ ಟ್ಯಾಬಿನ ಟೈಮರುಗಳು ನಿಮಿಷಕ್ಕೊಮ್ಮೆ ಮಾತ್ರ ಓಡುವಂತಾಗಿವೆ. ಪುಟದೊಳಗಿನ ಟೈಮರನ್ನು ನಂಬಿದ ರಿಫ್ರೆಶ್‌ಗೆ ನೀವು 10 ಸೆಕೆಂಡ್ ಎಂದು ಹೇಳಿರಬಹುದು, ನಡೆಯುವುದು ಅರುವತ್ತಕ್ಕೆ. ಉಳಿದಿರುವ ಸಮಯ ತೋರಿಸುವ ಇಳಿಎಣಿಕೆಯೂ ಇದೇ ಕಾರಣಕ್ಕೆ ಹಿಂದೆ ಬೀಳುತ್ತದೆ. ಹರಾಜಿನ ಟ್ಯಾಬನ್ನು ಬೇರೆ ಕಿಟಕಿಯಾಗಿ ಎಳೆದು, ಪರದೆಯ ಮೇಲೆ ಕಾಣುವಂತೆ ಇಡಿ. ಲ್ಯಾಪ್‌ಟಾಪಿನ ನಿದ್ರೆಯನ್ನೂ ಬ್ರೌಸರಿನ ಮೆಮೊರಿ ಉಳಿತಾಯವನ್ನೂ ಆಫ್ ಮಾಡಿ. ಮೊಬೈಲಿನಲ್ಲಿ ಪರದೆ ಆರಿದರೆ ಕಥೆ ಮುಗಿಯಿತು, ಅಲ್ಲಿ ಆ್ಯಪ್ ಕಳಿಸುವ ನೋಟಿಫಿಕೇಶನ್ನೇ ಗತಿ.

ಇನ್ನೊಂದು, ಲಾಗಿನ್ ಅವಧಿ ಮುಗಿಯುವುದು. ರಿಫ್ರೆಶ್ ಸಾಧನ ಲಾಗಿನ್ ಪುಟವನ್ನೇ ನಿಷ್ಠೆಯಿಂದ ಮತ್ತೆ ಮತ್ತೆ ತರುತ್ತಿರುತ್ತದೆ, ಬದಲಾವಣೆ ಇಲ್ಲದ್ದರಿಂದ ಗಂಟೆಯೂ ಬಾರಿಸುವುದಿಲ್ಲ. ‘ಬೆಲೆ ಬದಲಾದರೆ ಎಚ್ಚರಿಸು’ ಎಂಬುದರ ಜೊತೆಗೆ ‘ಲಾಟ್ ಸಂಖ್ಯೆ ಪುಟದಲ್ಲಿ ಕಾಣದಿದ್ದರೆ ಎಚ್ಚರಿಸು’ ಎಂದೂ ಇಟ್ಟರೆ ಇದು ಸಿಕ್ಕಿಬೀಳುತ್ತದೆ.

ಸರ್ವರ್ 429 ಎಂಬ ಉತ್ತರ ಕೊಟ್ಟರೆ ಕೋರಿಕೆಗಳು ಅತಿಯಾದವು ಎಂದರ್ಥ. ಆಗ ಅಂತರವನ್ನು ಇಮ್ಮಡಿ, ಮತ್ತೂ ಬಂದರೆ ನಾಲ್ಮಡಿ ಮಾಡುವುದೇ ದಾರಿ. ಮೊಬೈಲ್ ಡೇಟಾದಲ್ಲಿ ನೂರಾರು ಗ್ರಾಹಕರು ಒಂದೇ ಐಪಿ ವಿಳಾಸದ ಹಿಂದೆ ಇರುವುದುಂಟು, ಆದ್ದರಿಂದ ನಿಮ್ಮ ತಪ್ಪಿಲ್ಲದೆಯೂ ಮಿತಿ ಬೇಗ ತಗಲಬಹುದು. ಸೈಟಿನ ಷರತ್ತನ್ನೂ ಓದಿರಬೇಕು, ಇಬೇ ಅನುಮತಿಯಿಲ್ಲದ ಸ್ವಯಂಚಾಲಿತ ಸಾಧನಗಳನ್ನು ನಿಷೇಧಿಸಿದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇಬೇ ಪುಟಗಳನ್ನು ತೆಗೆಯುತ್ತಿದ್ದ ಬಿಡರ್ಸ್ ಎಡ್ಜ್ ಎಂಬ ಕಂಪನಿಗೆ 2000ದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ತಡೆ ಹಾಕಿತು. ಆ ಕಂಪನಿಯ ಕೋರಿಕೆಗಳು ಇಬೇಯ ಒಟ್ಟು ಹೊರೆಯಲ್ಲಿ ಹೆಚ್ಚೆಂದರೆ ಶೇಕಡಾ ಒಂದೂವರೆಯಷ್ಟು. ಒಂದು ಟ್ಯಾಬ್ ನೋಡುವವರಿಗೂ ಅವರಿಗೂ ಅಜಗಜಾಂತರ ಇದೆ, ಆದರೂ ನೂರು ಲಾಟ್‌ಗಳನ್ನು ಒಟ್ಟಿಗೆ ಕಾಯುವ ಆಸೆ ಬಂದಾಗ ಈ ಪ್ರಕರಣ ನೆನಪಿರಬೇಕು.

ಸಮಯವನ್ನು ಸರ್ವರಿನ ಗಡಿಯಾರದಲ್ಲಿಯೇ ನೋಡಿ. ಅಮೆರಿಕದ ಹರಾಜು ಪೆಸಿಫಿಕ್ ಕಾಲದಲ್ಲಿದ್ದರೆ ಭಾರತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ: ಅವರ ಭಾನುವಾರ ಸಂಜೆ 6 ಎಂದರೆ ನಮ್ಮ ಸೋಮವಾರ ಬೆಳಗ್ಗೆ 6:30 ಅಥವಾ 7:30.

ಗೆದ್ದ ಪುಟ ಕಂಡ ಕೂಡಲೇ ರಿಫ್ರೆಶ್ ನಿಲ್ಲಿಸಿ, ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹಣ ಕಟ್ಟುವ ಪುಟ ತಾನೇ ರಿಫ್ರೆಶ್ ಆದರೆ ಫಾರಂ ಎರಡನೇ ಸಲ ಸಲ್ಲಿಕೆಯಾಗುವ ಅಪಾಯ ಇದೆ. ಬ್ಯಾಂಕ್ ಹರಾಜಾದರೆ ಶೇಕಡಾ 25ರಷ್ಟು ಮೊತ್ತವನ್ನು, ಕಟ್ಟಿದ ಠೇವಣಿಯೂ ಸೇರಿ, ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ತುಂಬಬೇಕು. ಉಳಿದದ್ದಕ್ಕೆ ಮಾರಾಟ ಖಾಯಂ ಆದ ಮೇಲೆ ಹದಿನೈದು ದಿನ.