ಬಂಕಿನ ಬೋರ್ಡಿನ ಹಿಂದಿನ ಲೆಕ್ಕ: ಉತ್ತರ ಕನ್ನಡದಲ್ಲಿ ಇಂಧನ ತೆರಿಗೆಯ ಸಿಟ್ಟು ಬೆಳೆದ ಬಗೆ

ಜೂನ್ 2021ರ ಮೊದಲ ವಾರ ಶಿರಸಿಯಲ್ಲಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತು. ಬೆಂಗಳೂರು ಆ ಗೆರೆ ಮುಟ್ಟಿದ್ದು ತಿಂಗಳ ಮಧ್ಯ ಕಳೆದ ಮೇಲೆ. ಆಗ ಕಾಂಗ್ರೆಸ್ ರಾಜ್ಯದ ಬಂಕುಗಳ ಎದುರು ‘100 ನಾಟೌಟ್’ ಎಂದು ಪ್ರತಿಭಟಿಸಿತು. ಮೂರು ವರ್ಷ ಕಳೆದು ಜೂನ್ 2024ರಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಬೀದಿಗಿಳಿದದ್ದು ಬಿಜೆಪಿ. ಘೋಷಣೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ, ಬೈಸಿಕೊಂಡ ಸರ್ಕಾರ ಮಾತ್ರ ಬದಲಾಗಿತ್ತು. ಘಟ್ಟದ ಮೇಲಿನವರು ರಾಜಧಾನಿಗಿಂತ ಹೆಚ್ಚು ಏಕೆ ಕೊಡಬೇಕು, ಮಾಜಾಳಿಯ ಗೋವಾ ಗಡಿಯಾಚೆ ದರ ಏಕೆ ಇಳಿಯುತ್ತದೆ, ಕಡಲಿಗೆ ಹೋಗುವ ಬೋಟು ಯಾವ ತೆರಿಗೆ ಕಟ್ಟುತ್ತದೆ ಎಂಬ ಈ ಜಿಲ್ಲೆಯ ಪ್ರಶ್ನೆಗಳು ಎರಡೂ ಸಲ ಬದಿಗೆ ಸರಿದವು.

ಮೊದಲು ಲೆಕ್ಕ. ತೈಲ ಕಂಪನಿಯ ಡಿಪೋದಿಂದ ಬರುವ ಪೆಟ್ರೋಲಿನ ಮೂಲ ಬೆಲೆಗೆ ಟ್ಯಾಂಕರ್ ಬಾಡಿಗೆ ಸೇರುತ್ತದೆ. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ ಬೀಳುತ್ತದೆ, ಇದು ಲೀಟರಿಗೆ ಇಷ್ಟು ಎಂದು ನಿಗದಿಯಾದ ಮೊತ್ತ. ಇವುಗಳ ಮೇಲೆ ರಾಜ್ಯ ಶೇಕಡಾವಾರು ಮಾರಾಟ ತೆರಿಗೆ ಹಾಕುತ್ತದೆ, ಡೀಲರ್ ಕಮಿಷನ್ನೂ ಕೂಡುತ್ತದೆ. ಜೂನ್ 2024ರಲ್ಲಿ ರಾಜ್ಯದ ದರ ಶೇ 25.92ರಿಂದ ಶೇ 29.84ಕ್ಕೆ ಏರಿತು, ಬೆಂಗಳೂರಿನಲ್ಲಿ ಪೆಟ್ರೋಲ್ 99.84ರಿಂದ 102.84 ರೂಪಾಯಿ ಆಯಿತು. ಆ 102.84ರಲ್ಲಿ ರಾಜ್ಯದ ಪಾಲು ಸುಮಾರು 23 ರೂಪಾಯಿ. ಅಂದು ಕೇಂದ್ರದ ಸುಂಕ 19.90 ಇತ್ತು, ಅದರ ಮೇಲೂ ಶೇ 29.84 ಬಿದ್ದು ಸುಮಾರು 5.94 ರೂಪಾಯಿ ರಾಜ್ಯಕ್ಕೆ ಹೋಗುತ್ತಿತ್ತು. ತೆರಿಗೆಯ ಮೇಲೆ ತೆರಿಗೆ ಎಂದು ಜನ ಆಡುವ ಮಾತು ಉತ್ಪ್ರೇಕ್ಷೆಯಲ್ಲ.

ಟ್ಯಾಂಕರ್ ಬಾಡಿಗೆಯ ಕಥೆಯೂ ಇದೇ. ಡಿಪೋದಿಂದ ಬಂಕ್ ದೂರವಾದಷ್ಟೂ ಸಾಗಣೆ ಖರ್ಚು ಹೆಚ್ಚು. ಅದು ಒಂದು ರೂಪಾಯಿ ಹೆಚ್ಚಿದರೆ ಗ್ರಾಹಕನಿಗೆ ಬೀಳುವುದು 1 ರೂಪಾಯಿ 30 ಪೈಸೆ. ಡಿಪೋ ಹತ್ತಿರವಿರುವ ಊರಿಗೂ ಘಟ್ಟದ ಮೇಲಿನ ಊರಿಗೂ ಇರುವ ಅಂತರ ಹೀಗೆ ಹಿಗ್ಗುತ್ತದೆ. ಅಕ್ಟೋಬರ್ 2024ರ ಕೊನೆಗೆ ತೈಲ ಕಂಪನಿಗಳು ರಾಜ್ಯದೊಳಗಿನ ದೂರದ ಊರುಗಳ ಸಾಗಣೆ ದರವನ್ನು ಸರಿದೂಗಿಸುವ ಕ್ರಮ ಪ್ರಕಟಿಸಿದವು. ಅಂತರ ಪೂರ್ತಿ ಅಳಿಸುವ ಏರ್ಪಾಡು ಅದಲ್ಲ. ಶಿರಸಿ, ಸಿದ್ದಾಪುರ ಕಡೆ ಇದು ಬರೀ ಬೈಕಿನ ಮಾತೂ ಅಲ್ಲ. ತೋಟದ ಕಳೆ ಹೊಡೆಯುವ ಯಂತ್ರಕ್ಕೆ, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿಗೆ ಪೆಟ್ರೋಲೇ ಬೇಕು; ಬಸ್ಸು ದಿನಕ್ಕೆರಡು ಸಲ ಬರುವ ಹಳ್ಳಿಗಳಲ್ಲಿ ಬೈಕು ಬಿಟ್ಟರೆ ದಾರಿಯಿಲ್ಲ.

2002ರ ಏಪ್ರಿಲ್‌ವರೆಗೆ ದರ ಕಟ್ಟುತ್ತಿದ್ದುದು ದೆಹಲಿ, ಆಡಳಿತಾತ್ಮಕ ಬೆಲೆ ಪದ್ಧತಿಯಲ್ಲಿ. ಆಮೇಲೂ ಕಾಗದದಲ್ಲಿ ಸ್ವಾತಂತ್ರ್ಯ, ವ್ಯವಹಾರದಲ್ಲಿ ಲಗಾಮು. ಪೆಟ್ರೋಲನ್ನು ಜೂನ್ 2010ರಲ್ಲಿ, ಡೀಸೆಲ್ಲನ್ನು ಅಕ್ಟೋಬರ್ 2014ರಲ್ಲಿ ನಿಯಂತ್ರಣದಿಂದ ಬಿಡಲಾಯಿತು. ಹಳೆಯ ಕಾಲದಲ್ಲಿ ಏರಿಕೆ ಅಪರೂಪ, ಬಂದರೆ ಒಮ್ಮೆಗೇ ದೊಡ್ಡದು. ಮೇ 2012ರಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಒಂದೇ ರಾತ್ರಿಗೆ 7.54 ರೂಪಾಯಿ ಏರಿದಾಗ ವಾರ ಕಳೆಯುತ್ತಲೇ ಭಾರತ್ ಬಂದ್ ನಡೆಯಿತು. ಜೂನ್ 16, 2017ರಿಂದ ಬೆಳಿಗ್ಗೆ ಆರಕ್ಕೆ ದಿನಾ ದರ ಬದಲಾಗುವ ಪದ್ಧತಿ ಬಂತು. ದಿನಕ್ಕೆ 25-30 ಪೈಸೆ ಏರಿದರೆ ಯಾರು ಅಂಗಡಿ ಮುಚ್ಚುತ್ತಾರೆ? ಹತ್ತು ರೂಪಾಯಿ ಏರಿದ್ದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತದೆ.

ಆದರೆ ಈ ದಿನದ ಬದಲಾವಣೆಗೂ ಚುನಾವಣೆ ಎದುರಾದರೆ ಬ್ರೇಕ್ ಬೀಳುತ್ತದೆ. ಕರ್ನಾಟಕ ವಿಧಾನಸಭೆಗೆ ಮತದಾನ ನಡೆದದ್ದು ಮೇ 12, 2018ರಂದು; ಏಪ್ರಿಲ್ ಕೊನೆಯ ವಾರದಿಂದ ಅಲ್ಲಾಡದ ದರ ಮೇ 14ರಿಂದ ಮತ್ತೆ ಏರತೊಡಗಿತು. 2021ರ ನವೆಂಬರ್‌ನಿಂದ ಐದು ರಾಜ್ಯಗಳ ಚುನಾವಣೆ ಮುಗಿದು ಮಾರ್ಚ್ 22, 2022 ಬರುವವರೆಗೂ ಕಂಪನಿಗಳು ಸುಮ್ಮನಿದ್ದವು. ಮುಂದಿನ 16 ದಿನಗಳಲ್ಲಿ ಒಟ್ಟು 10 ರೂಪಾಯಿ ಏರಿಸಿದವು.

ತೆರಿಗೆ ಏರಿದ್ದು ಹೆಚ್ಚಾಗಿ ಕಚ್ಚಾತೈಲ ಅಗ್ಗವಿದ್ದಾಗ. ನವೆಂಬರ್ 2014ರಿಂದ ಜನವರಿ 2016ರೊಳಗೆ ಕೇಂದ್ರ ಒಂಬತ್ತು ಸಲ ಸುಂಕ ಹೆಚ್ಚಿಸಿತು: ಪೆಟ್ರೋಲಿಗೆ 11.77, ಡೀಸೆಲ್ಲಿಗೆ 13.47 ರೂಪಾಯಿ. ಕೊರೊನಾ ಲಾಕ್‌ಡೌನಿನಲ್ಲಿ ತೈಲ ನೆಲಕಚ್ಚಿದಾಗ, ಮೇ 2020ರಲ್ಲಿ, ಒಂದೇ ಏಟಿಗೆ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಕೂಡಿಸಿತು. ಬಂಕಿನಲ್ಲಿ ಆ ದಿನ ಬೆಲೆ ಏರಲಿಲ್ಲ, ಇಳಿಯಬೇಕಾದದ್ದು ಇಳಿಯಲಿಲ್ಲ. ಹಾಗಾಗಿ ಸಿಟ್ಟೂ ತಡವಾಗಿ ಬಂತು. ಕೆಲವೇ ವಾರ ಮೊದಲು, ಏಪ್ರಿಲ್ 2020ರಿಂದ, ರಾಜ್ಯವೂ ತನ್ನ ದರವನ್ನು ಪೆಟ್ರೋಲಿಗೆ ಶೇ 35ಕ್ಕೆ, ಡೀಸೆಲ್ಲಿಗೆ ಶೇ 24ಕ್ಕೆ ಏರಿಸಿತ್ತು. ನವೆಂಬರ್ 2021ರಲ್ಲಿ ಇಬ್ಬರೂ ಇಳಿಸಿದರು. 2024ರಲ್ಲಿ ರಾಜ್ಯ ಮತ್ತೆ ಏರಿಸಿತು. ಏಪ್ರಿಲ್ 2025ರಲ್ಲಿ ಡೀಸೆಲ್ ದರ ಶೇ 21.17 ಆದಾಗ ಲಾರಿ ಮಾಲೀಕರು ಮುಷ್ಕರ ಹೂಡಿದರು.

ಕೇಂದ್ರದ ಸುಂಕದಲ್ಲಿ ತಮಗೆ ಸಿಗುವ ಪಾಲು ತೀರಾ ಕಡಿಮೆ ಎಂಬ ರಾಜ್ಯಗಳ ಅಹವಾಲಿನಲ್ಲಿ ಹುರುಳಿದೆ. 2022ರ ಮೇ ತಿಂಗಳಲ್ಲಿ ಕೇಂದ್ರ ಸುಂಕ ಕಡಿತ ಮಾಡಿದ ನಂತರ ಪೆಟ್ರೋಲಿನ 19.90ರಲ್ಲಿ ಮೂಲ ಅಬಕಾರಿ ಸುಂಕ ಕೇವಲ 1.40 ಇತ್ತು. ರಾಜ್ಯಗಳ ಜೊತೆ ಹಂಚಿಕೆಯಾಗುವುದು ಅದಷ್ಟೇ. ಮಿಕ್ಕದ್ದು ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಸೆಸ್, ಕೃಷಿ ಸೆಸ್ ಹೆಸರಿನಲ್ಲಿ ಕೇಂದ್ರದಲ್ಲೇ ಉಳಿಯುತ್ತದೆ. ಹಾಗೆಂದು ರಾಜ್ಯ ಬಡಪಾಯಿಯೇನೂ ಅಲ್ಲ. ಶೇಕಡಾವಾರು ತೆರಿಗೆಯಾದ್ದರಿಂದ ತೈಲ ತುಟ್ಟಿಯಾದಂತೆ ಅದರ ವರಮಾನ ತಾನಾಗಿ ಬೆಳೆಯುತ್ತದೆ, ಆದೇಶವೂ ಬೇಡ.

ಕಾರವಾರದಲ್ಲಿ ಮಾತು ಗೋವಾಕ್ಕೆ ತಿರುಗುತ್ತದೆ. ಏಪ್ರಿಲ್ 2012ರಲ್ಲಿ ಮನೋಹರ ಪರ್ರೀಕರ್ ಸರ್ಕಾರ ಪೆಟ್ರೋಲ್ ಮೇಲಿನ ವ್ಯಾಟ್ (ಅಲ್ಲಿನ ರಾಜ್ಯ ತೆರಿಗೆ) ಶೇ 0.1ಕ್ಕೆ ಇಳಿಸಿ ಲೀಟರನ್ನು 55 ರೂಪಾಯಿ ಆಸುಪಾಸಿಗೆ ತಂದಿತು. ಆ ಕಾಲ ಹೋಯಿತು. ಜೂನ್ 2024ಕ್ಕೆ ಗೋವಾದ ವ್ಯಾಟ್ ಶೇ 21.5. ಆದರೂ ಆಗ ಪೆಟ್ರೋಲಿನಲ್ಲಿ ಆರೇಳು ರೂಪಾಯಿ ವ್ಯತ್ಯಾಸ ಉಳಿದಿತ್ತು. ಗಡಿಯಾಚೆಯ ಪೋಳೆಂ ಬಂಕಿಗೆ ಕಾರವಾರದಿಂದ ಸುಮಾರು 15 ಕಿಲೋಮೀಟರ್. ಎಂಟು ಲೀಟರ್ ಹಿಡಿಯುವ ಬೈಕಿಗೆ ಉಳಿತಾಯ ಐವತ್ತು ರೂಪಾಯಿ, ಹೋಗಿ ಬರಲು ಸುಡುವುದು ಅರವತ್ತೈದು. ಲಾಭವಾಗುವುದು ಹೇಗೂ ಗೋವಾಕ್ಕೆ ಕೆಲಸಕ್ಕೆ ಹೋಗುವವರಿಗೆ. ಕ್ಯಾನಿನಲ್ಲಿ ತುಂಬಿ ತರುವ ಯೋಚನೆ ಬೇಡ: ಪರವಾನಗಿಯಿಲ್ಲದೆ 30 ಲೀಟರ್ ಮೀರಿ ಪೆಟ್ರೋಲ್ ಇಟ್ಟುಕೊಳ್ಳುವುದು, ಎಷ್ಟೇ ಇರಲಿ ಮಾರುವುದು, ಪೆಟ್ರೋಲಿಯಂ ಕಾಯ್ದೆಯಡಿ ಅಪರಾಧ. ಏಟು ತಿನ್ನುವವರು ಗಡಿಯ ಈಚೆಗಿನ ಬಂಕಿನವರು.

ಬಂಕಿನವರ ಎದುರು ಕೂಗುವುದರಲ್ಲಿ ಇನ್ನೊಂದು ಎಡವಟ್ಟಿದೆ. 1930ರ ದಶಕದ ಮೊದಲಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟದೆ ಪ್ರತಿಭಟಿಸಿದರು, ಏಕೆಂದರೆ ಆ ದುಡ್ಡು ಇನ್ನೂ ಅವರ ಕೈಯಲ್ಲಿತ್ತು. ಪೆಟ್ರೋಲ್ ತೆರಿಗೆ ಟ್ಯಾಂಕರ್ ಹೊರಡುವ ಮೊದಲೇ ವಸೂಲಾಗಿರುತ್ತದೆ, ಡೀಲರ್ ಅದನ್ನು ಮುಂಗಡ ಕೊಟ್ಟಿರುತ್ತಾನೆ. ನವೆಂಬರ್ 2021ರ ದೀಪಾವಳಿಯಲ್ಲಿ ಬೆಂಗಳೂರಿನ ಪೆಟ್ರೋಲ್ 113.93ರಿಂದ 100.58ಕ್ಕೆ ಇಳಿಯಿತು. ಅಂಥ ಇಳಿಕೆಯ ಹಿಂದಿನ ದಿನ 20,000 ಲೀಟರ್ ಇಳಿಸಿಕೊಂಡ ಬಂಕಿಗೆ ನಷ್ಟ ಎರಡೂವರೆ ಲಕ್ಷ ದಾಟುತ್ತದೆ.

ಮೀನುಗಾರರ ಲೆಕ್ಕ ಇನ್ನೂ ಬೇರೆ. ಯಾಂತ್ರಿಕ ಬೋಟುಗಳಿಗೆ ಸಿಗುವ ‘ಕರರಹಿತ ಡೀಸೆಲ್’ ಹೆಸರಿಗೆ ಮಾತ್ರ ಕರರಹಿತ. ಬಿಡುವುದು ರಾಜ್ಯದ ಮಾರಾಟ ತೆರಿಗೆಯನ್ನಷ್ಟೇ, ಏಪ್ರಿಲ್ 2025ರ ದರದಲ್ಲಿ ಲೀಟರಿಗೆ ಸುಮಾರು 15-16 ರೂಪಾಯಿ. ಕೇಂದ್ರದ ಸುಂಕ ಹಾಗೇ ಉಳಿಯುತ್ತದೆ, ರಸ್ತೆ ಸೆಸ್ ಸಮೇತ! ಮೇ 2020ರಿಂದ ನವೆಂಬರ್ 2021ರವರೆಗೆ ಆ ಸೆಸ್ 18 ರೂಪಾಯಿ ಇತ್ತು. ಸಾವಿರ ಲೀಟರ್ ತುಂಬಿ ಬೈತಖೋಲ್ ಬಂದರಿನಿಂದಲೋ ತದಡಿ ಬಂದರಿನಿಂದಲೋ ಹೊರಟ ಬೋಟು ಡಾಂಬರು ಕಾಣದೆಯೇ ರಸ್ತೆಗೆಂದು 18,000 ರೂಪಾಯಿ ಕಟ್ಟಿತು. 2022ರ ಮೇ ಕಡಿತದಲ್ಲಿ ಡೀಸೆಲ್ಲಿನ ರಸ್ತೆ ಸೆಸ್ 2 ರೂಪಾಯಿಗೆ ಇಳಿಯಿತು. ರಾಜ್ಯದ ವಿನಾಯಿತಿಗೂ ಮಿತಿಯಿದೆ: 2023ರ ಬಜೆಟ್‌ನಲ್ಲಿ ಅದು ವರ್ಷಕ್ಕೆ 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷಕ್ಕೆ ಏರಿತು. ಪಾಲು ಮುಗಿದ ಬೋಟು ಪೂರ್ತಿ ದರ ತೆರುತ್ತದೆ. ಜನವರಿ 2013ರಲ್ಲಿ ಸಗಟು ಖರೀದಿದಾರರಿಗೆ ಮಾರುಕಟ್ಟೆ ದರ ಎಂದು ಕೇಂದ್ರ ತೀರ್ಮಾನಿಸಿದಾಗ ಮೀನುಗಾರರ ಸಂಘಗಳ ಬಂಕುಗಳೂ ಸಗಟು ಪಟ್ಟಿಗೆ ಸಿಕ್ಕಿಬಿದ್ದು, ರಸ್ತೆ ಬದಿಯ ಬಂಕಿಗಿಂತ ಹೆಚ್ಚು ತೆರಬೇಕಾಗಿ ಬಂದಿತ್ತು.

ದೋಣಿಗೆ ಔಟ್‌ಬೋರ್ಡ್ ಎಂಜಿನ್ ಕಟ್ಟಿದವರದು ಸೀಮೆಎಣ್ಣೆಯ ಗೋಳು. ಈ ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತದೆ. ಕೇಂದ್ರದ ಹಂಚಿಕೆ ಕುಗ್ಗಿದಂತೆ ಸಬ್ಸಿಡಿ ಎಣ್ಣೆ ಸಿಗದಾಯಿತು. 2023ರ ಅದೇ ಬಜೆಟ್ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಯಿಸಲು ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ತೊಡಕು ಇಲ್ಲಿದೆ: ಕರರಹಿತ ಮಿತಿ ಇರುವುದು ಡೀಸೆಲ್‌ಗೆ. ಪೆಟ್ರೋಲ್ ಎಂಜಿನ್‌ಗೆ ಬದಲಾದ ದೋಣಿ ಸಬ್ಸಿಡಿಯ ಎಣ್ಣೆ ಬಿಟ್ಟು, ಕೇಂದ್ರ ಮತ್ತು ರಾಜ್ಯ ಎರಡೂ ಪೂರ್ತಿ ತೆರಿಗೆ ಹಾಕುವ ಇಂಧನಕ್ಕೆ ಬರುತ್ತದೆ.

ಜಿಎಸ್‌ಟಿಗೆ ತಂದರೆ ಇದೆಲ್ಲ ಸರಿಹೋಗುತ್ತದೆ ಎಂಬ ಮಾತು ಪ್ರತಿ ಪ್ರತಿಭಟನೆಯಲ್ಲೂ ಕೇಳುತ್ತದೆ. ಸಂವಿಧಾನದಲ್ಲಿ ಅದಕ್ಕೆ ಅವಕಾಶ ಈಗಾಗಲೇ ಇದೆ, ದಿನಾಂಕವನ್ನು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು ಅಷ್ಟೆ. ಸೆಪ್ಟೆಂಬರ್ 2021ರಲ್ಲಿ ಲಖನೌದಲ್ಲಿ ಸೇರಿದ ಮಂಡಳಿ, ಕೇರಳ ಹೈಕೋರ್ಟಿನ ಸೂಚನೆಯಂತೆ ವಿಷಯ ಎತ್ತಿಕೊಂಡು, ಸಮಯ ಇನ್ನೂ ಬಂದಿಲ್ಲವೆಂದು ಕೈಬಿಟ್ಟಿತು. ಅಂದು ಮಂಡಳಿಯಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳೂ ಕುಳಿತಿದ್ದವು.