ನಿಕಲ್ ಲೇಪದ ತೋಟೆ, ಬರೀ ಹಿತ್ತಾಳೆ ತೋಟೆ: ಯಾವುದು ಜಾಸ್ತಿ ಬಾಳುತ್ತದೆ?

ಕೊಡಗಿನ ಮನೆಗಳಲ್ಲಿ ಕಾಣುವ 12 ಬೋರ್ ತೋಟೆಗೆ ಸಾಮಾನ್ಯವಾಗಿ ಬುಡ ಮಾತ್ರ ಲೋಹ, ಮೈಯೆಲ್ಲ ಪ್ಲಾಸ್ಟಿಕ್. ಈ ಟಿಪ್ಪಣಿ ರೈಫಲ್, ರಿವಾಲ್ವರ್‌ಗಳ ಪೂರ್ತಿ ಲೋಹದ ಕೇಸ್ (ಮದ್ದು, ಗುಂಡು ಹಿಡಿದಿಡುವ ತೋಟೆಯ ಹೊರಕವಚ) ಬಗ್ಗೆ. (ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ತೋಟೆ ತಯಾರಿಸಲು ಅಲ್ಲ. ನನಗೆ ಬೇಕಿದ್ದದ್ದು ಲೋಹದ ಪಾಠ ಅಷ್ಟೇ.)

ಕೇಸ್‌ನ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ನಿಕಲ್ ಅದರ ಮೇಲಿನ ತೆಳು ಪದರ.

ತಲೆ ತಿಂದದ್ದು ಇದು. ನಿಕಲ್ ಗಟ್ಟಿ. ಗಟ್ಟಿಯಾದದ್ದು ಜಾಸ್ತಿ ಬಾಳಬೇಕು, ಅಲ್ವಾ? ಆದರೆ ಹಾರಿಸಿದ ಕೇಸನ್ನೇ ಮತ್ತೆ ಮತ್ತೆ ತುಂಬಿ ಬಳಸುವವರ ಅನುಭವದಲ್ಲಿ ನಿಕಲ್ ಕೇಸ್‌ನ ಬಾಯಿಯೇ ಸಾಮಾನ್ಯವಾಗಿ ಮೊದಲು ಸೀಳುತ್ತದೆ.

ನಿಧಾನಕ್ಕೆ ನೋಡೋಣ. ಗುಂಡು ಹಾರುವಾಗ ಕೇಸ್ ಉಬ್ಬುತ್ತದೆ. ಮತ್ತೆ ತುಂಬುವ ಮೊದಲು ಅದನ್ನು ಅಚ್ಚಿಗೆ ಒತ್ತಿ ಕುಗ್ಗಿಸುತ್ತಾರೆ. ಬಾಯಿ ಅಗಲಿಸಿ ಗುಂಡು ಕೂರಿಸುತ್ತಾರೆ. ಮುಂದಿನ ಸಲ ಮತ್ತೆ ಅದೇ ಉಬ್ಬು, ಅದೇ ಕುಗ್ಗು. ತಂತಿಯನ್ನು ಅತ್ತಿತ್ತ ಬಗ್ಗಿಸಿದ ಹಾಗೆ ಪ್ರತಿ ಸಲವೂ ಲೋಹ ಬಿರುಸಾಗುತ್ತದೆ. ಹಾಗಾಗಿ ಇಲ್ಲಿ ಉಳಿಯುವುದು ಬಳುಕುವ ಲೋಹ. ನಿಕಲ್ ಪದರಕ್ಕೆ ಬಳುಕು ಕಮ್ಮಿ. ಮೊದಲು ಅದರಲ್ಲಿ ಸಣ್ಣ ಬಿರುಕು ಬೀಳುತ್ತದೆ. ಎಳೆತವೆಲ್ಲ ಆ ಬಿರುಕಿನ ತುದಿಗೆ ಸೇರುತ್ತದೆ. ಅಲ್ಲಿಂದ ಕೆಳಗಿನ ಹಿತ್ತಾಳೆಯೂ ಸೀಳಲು ಶುರು. ಪದರ ಗಟ್ಟಿಯಾಗಿರುವುದೇ ಇಲ್ಲಿ ತೊಂದರೆ!

ಬರೀ ಹಿತ್ತಾಳೆಗೆ ಇನ್ನೊಂದು ಅನುಕೂಲ: ಕುತ್ತಿಗೆ ಕಾಯಿಸಿ ಮತ್ತೆ ಮೆದು ಮಾಡಬಹುದು. ನಿಕಲ್ ಹಾಕಿದ್ದನ್ನು ಸಾಮಾನ್ಯವಾಗಿ ಕಾಯಿಸುವುದಿಲ್ಲ. ಎದ್ದ ಚಕ್ಕೆ ಅಚ್ಚನ್ನು ಗೀರುವುದೂ ಉಂಟು.

ಹಾಗಾದರೆ ನಿಕಲ್ ಯಾಕೆ ಹಾಕುತ್ತಾರೆ? ತೋಟೆ ಇಟ್ಟಲ್ಲಿ ಕೆಡದೆ ಉಳಿಯಲಿ ಅಂತ. ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿಟ್ಟ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ, ನಿಕಲ್ ಅದನ್ನು ತಡೆಯುತ್ತದೆ. ಬಾಳಿಕೆಯಲ್ಲಿ ಎರಡು ಬಗೆ (ಮತ್ತೆ ಮತ್ತೆ ತುಂಬಿದರೂ ಸೀಳದಿರುವುದು, ಇಟ್ಟಲ್ಲಿ ಕೆಡದಿರುವುದು) ಎಂದು ಹೊಳೆದ ಮೇಲೆಯೇ ನನ್ನ ಗೊಂದಲ ಬಿಟ್ಟದ್ದು.

ನನಗೆ ತುಂಬ ಹಿಡಿಸಿದ ಭಾಗ ನಮ್ಮ ಮಳೆಗಾಲದ್ದು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ತೋಟೆಗಳು ಹಾರಿಸದೆಯೇ ಬಿರುಕು ಬಿಡುತ್ತಿದ್ದವು. ಕಾರಣ ಪೂರ್ತಿ ತಿಳಿದದ್ದು 1921ರಲ್ಲಿ: ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ, ಜೊತೆಗೆ ಲೋಹದೊಳಗೆ ಉಳಿದ ಬಿಗಿತ. ಈ ಮೂರೂ ಸೇರಬೇಕು. ಕಾಯಿಸಿ ಬಿಗಿತ ತೆಗೆದರೆ ಬಿರುಕು ನಿಲ್ಲುತ್ತದೆ. ಕೊಡಗಿನ ಜುಲೈ ತಿಂಗಳ ತೇವ ಗೊತ್ತೇ ಇದೆ. ದನದ ಕೊಟ್ಟಿಗೆ, ಯೂರಿಯಾ ಚೀಲದ ಪಕ್ಕ ಹಿತ್ತಾಳೆ ಇಡಬಾರದು ಅನ್ನುವುದಕ್ಕೆ ಇಷ್ಟು ಸಾಕು. ನಿಕಲ್ ಇದ್ದರೂ ಪದರ ಹರಿಯದೆ ಇರುವ ತನಕ ಮಾತ್ರ ರಕ್ಷಣೆ. ಉದ್ದ ಸರಿ ಮಾಡಲು ಬಾಯಿ ಕತ್ತರಿಸಿದರೆ ಆ ಅಂಚಿನಲ್ಲಿ ಮತ್ತೆ ಬರೀ ಹಿತ್ತಾಳೆಯೇ.