ತಿರುಗದ ಚೆಂಡಿನ ಲೆಕ್ಕ

‘ಕುಂಬ್ಳೆ ಬಾಲ್ ಎಲ್ರೀ ತಿರುಗುತ್ತೆ?’ ಈ ಮಾತು ಕೇಳಿ ಕೇಳಿ ನನಗಂತೂ ಸಾಕಾಗಿತ್ತು. 1990ರಲ್ಲಿ ಕನ್ನಡಕದ ಹುಡುಗ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗಿನಿಂದ, 2008ರ ನವೆಂಬರ್ 2ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ವಿದಾಯ ಹೇಳುವವರೆಗೂ ಇದೇ ರಾಗ. ಲೆಗ್ ಸ್ಪಿನ್ನರ್, ಅಂದರೆ ಮಣಿಕಟ್ಟಿನಿಂದ ಚೆಂಡು ತಿರುಗಿಸುವವರು, ಅಂದಮೇಲೆ ಆಸ್ಟ್ರೇಲಿಯಾದ ಶೇನ್ ವಾರ್ನ್ ಥರ ಚೆಂಡು ಗಿರ್ರನೆ ತಿರುಗಬೇಕು. ಇವರದು ನೆಟ್ಟಗೆ ಬರುತ್ತದೆ, ಅಷ್ಟೇ. ಹಾಗೆ ನೆಟ್ಟಗೆ ಬಂದು ಕೆಡವಿದ್ದು 619 ಟೆಸ್ಟ್ ವಿಕೆಟ್.

ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಅವರಿಗೆ ಗೌರವ ಸಲ್ಲಿಸಲು ಹಾರಕ್ಕಿಂತ ಒಂದು ಹಾಳೆ, ಒಂದು ಪೆನ್ಸಿಲ್ ವಾಸಿ.

ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂ.ಮೀ. ನಡುವಿನಿಂದ ಅಂಚಿಗೆ 5.4. ಚೆಂಡು ಬ್ಯಾಟಿಗಿಂತ ನಾಲ್ಕು ಮೀಟರ್ ಮುಂಚೆ ಪಿಚ್ ಆಯಿತು, ಅಂದರೆ ನೆಲಕ್ಕೆ ಬಿತ್ತು ಅಂದುಕೊಳ್ಳಿ. ಅಲ್ಲಿಂದ ಏಳು ಸೆಂ.ಮೀ. ಪಕ್ಕಕ್ಕೆ ಸರಿದರೆ ಸಾಕು, ಬ್ಯಾಟಿನ ಮಧ್ಯಕ್ಕೆ ಬರಬೇಕಾದದ್ದು ಅಂಚು ಸವರುತ್ತದೆ. ಈ ಏಳು ಸೆಂ.ಮೀ. ಎಷ್ಟು ತಿರುವು ಗೊತ್ತಾ? ಒಂದು ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಹತ್ತು ಸೆಕೆಂಡಿನಲ್ಲಿ ಸರಿಯುವಷ್ಟು. ಗ್ಯಾಲರಿಯಲ್ಲಿ ಕೂತವರಿಗೆ ಅದು ಕಾಣುವುದೇ ಇಲ್ಲ.

ಇನ್ನೂ ಜಾಸ್ತಿ ತಿರುಗಿದರೆ? ಚೆಂಡಿನ ಅರ್ಧ ಅಗಲ ಸುಮಾರು 3.6 ಸೆಂ.ಮೀ. ಅದನ್ನು 5.4ಕ್ಕೆ ಕೂಡಿಸಿ: ಒಂಬತ್ತು. ಒಂಬತ್ತು ದಾಟಿದ ಚೆಂಡು ಅಂಚಿಗೂ ಸಿಗುವುದಿಲ್ಲ. ಬ್ಯಾಟ್ಸ್‌ಮನ್ ಬೀಟ್ ಆಗುತ್ತಾನೆ, ಕೀಪರ್ ತಲೆ ಮೇಲೆ ಕೈ ಇಡುತ್ತಾನೆ, ಸ್ಕೋರ್‌ಬೋರ್ಡ್ ಅಲ್ಲಾಡುವುದಿಲ್ಲ. 1993ರಲ್ಲಿ ವಾರ್ನ್ ಇಂಗ್ಲೆಂಡಿನ ಮೈಕ್ ಗ್ಯಾಟಿಂಗ್‌ಗೆ ಹಾಕಿದಂಥ, ಬ್ಯಾಟ್ ದಾಟಿ ಸ್ಟಂಪಿಗೇ ಬಡಿಯುವ ಚೆಂಡು ದಿನಾ ಬೀಳುವುದಿಲ್ಲ, ಅಲ್ವಾ?

ಆದರೂ ಒಂದು ಡಿಗ್ರಿಯನ್ನು ನಿಧಾನವಾಗಿ ತಿರುಗಿಸಿದರೆ ಪ್ರಯೋಜನವಿಲ್ಲ. ಬ್ಯಾಟ್ಸ್‌ಮನ್ ನೋಡಿಕೊಂಡು ಆಡುತ್ತಾನೆ. ಇಲ್ಲಿ ಕುಂಬ್ಳೆಯ ವೇಗ ಕೆಲಸಕ್ಕೆ ಬರುತ್ತದೆ. ಮೊದಲು ಮೀಡಿಯಂ ಪೇಸ್ ಹಾಕುತ್ತಿದ್ದ ಹುಡುಗ ಅವರು. ಸ್ಪಿನ್ನರ್ ಆದಮೇಲೂ ಆ ಜೋರು ಬಿಡಲಿಲ್ಲ. ಗಂಟೆಗೆ 90 ಕಿ.ಮೀ. ವೇಗದ ಚೆಂಡು ಈ ಕ್ರೀಸಿನಿಂದ ಆ ಕ್ರೀಸಿಗೆ, ಅಂದರೆ 17.68 ಮೀಟರ್ ದಾಟಲು, ಸುಮಾರು 0.7 ಸೆಕೆಂಡ್ ಬೇಕು. ಪಿಚ್ ಆದಮೇಲೆ ಉಳಿಯುವುದು ಬರೀ 0.2 ಸೆಕೆಂಡ್. ಕಣ್ಣು ಕಂಡದ್ದನ್ನು ಕೈಗೆ ಮುಟ್ಟಿಸಲು ನಮ್ಮ ಮಿದುಳಿಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿಯುತ್ತದೆ. ಬ್ಯಾಟ್ಸ್‌ಮನ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಚೆಂಡು ಪ್ಯಾಡಿಗೆ ಬಡಿದಾಗಿದೆ.

ಅಂದಹಾಗೆ, ಸುತ್ತುವುದೇ ಬೇರೆ, ತಿರುಗುವುದೇ ಬೇರೆ. ಬುಗುರಿ ನಿಂತಲ್ಲೇ ಸುತ್ತುತ್ತದೆ. ಗಾಡಿಯ ಚಕ್ರವೂ ಸುತ್ತುತ್ತದೆ, ಆದರೆ ಪಕ್ಕಕ್ಕೆ ಹೋಗುವುದಿಲ್ಲ, ಮುಂದಕ್ಕೆ ಉರುಳುತ್ತದೆ. ಕುಂಬ್ಳೆಯ ಎಷ್ಟೋ ಚೆಂಡುಗಳು ಈ ಚಕ್ರದ ಜಾತಿಯವು. ಟಾಪ್‌ಸ್ಪಿನ್ ಅನ್ನುವುದು ಇದಕ್ಕೇ.

ಹೀಗೆ ಮುಂದಕ್ಕೆ ಸುತ್ತುವ ಚೆಂಡಿನ ಮೇಲ್ಭಾಗ ಎದುರು ಗಾಳಿಗೆ ವಿರುದ್ಧವಾಗಿ ಹೋಗುತ್ತದೆ, ಕೆಳಭಾಗ ಗಾಳಿಯ ಜೊತೆ ಹೋಗುತ್ತದೆ. ಹಾಗಾಗಿ ಮೇಲಿನ ಗಾಳಿ ಚೆಂಡನ್ನು ಬೇಗ ಬಿಟ್ಟುಬಿಡುತ್ತದೆ. ಕೆಳಗಿನದು ಅಂಟಿಕೊಂಡು ಹಿಂದೆವರೆಗೂ ಹೋಗಿ ಮೇಲಕ್ಕೆ ಚಿಮ್ಮುತ್ತದೆ. ಗಾಳಿ ಮೇಲೆ ಹೋದರೆ ಚೆಂಡು ಕೆಳಗೆ ಬರಲೇಬೇಕು. 1850ರ ದಶಕದಲ್ಲಿ ಜರ್ಮನಿಯ ಹೈನ್ರಿಕ್ ಮ್ಯಾಗ್ನಸ್ ಇದನ್ನು ಪರೀಕ್ಷಿಸಿ ನೋಡಿದರು. ಅವರಿಗೆ ಬೇಕಿದ್ದದ್ದು ಫಿರಂಗಿ ಗುಂಡಿನ ದಾರಿ. ಕ್ರಿಕೆಟ್‌ಗೂ ಅದೇ ಲೆಕ್ಕ. ಬ್ಯಾಟ್ಸ್‌ಮನ್ ಅಂದಾಜು ಮಾಡಿದ ಜಾಗಕ್ಕಿಂತ ಮುಂಚೆಯೇ ಚೆಂಡು ಗಕ್ಕನೆ ಇಳಿಯುತ್ತದೆ. ಕಡಿದಾಗಿ ಬಿದ್ದದ್ದರಿಂದ ಎತ್ತರಕ್ಕೂ ಪುಟಿಯುತ್ತದೆ. ಬೌಲರ್‌ನ ಎತ್ತರ ಬೇರೆ ಜೊತೆಗಿತ್ತು. ಗ್ಲೌಸಿಗೆ ತಾಗಿ ಶಾರ್ಟ್ ಲೆಗ್‌ನಲ್ಲಿ, ಅಂದರೆ ಬ್ಯಾಟ್ಸ್‌ಮನ್ ಪಕ್ಕದಲ್ಲೇ ನಿಂತ ಫೀಲ್ಡರ್‌ಗೆ, ಕ್ಯಾಚ್ ಹೋಗುವುದು ಇದರಿಂದಲೇ.

‘ಪಿಚ್ ಬಿದ್ದಮೇಲೆ ಚೆಂಡು ಸ್ಪೀಡ್ ಆಗುತ್ತೆ’ ಅಂತಲೂ ಹೇಳುತ್ತಾರೆ. ಇದು ತಪ್ಪು. ಸೆಕೆಂಡಿಗೆ 30 ಸುತ್ತು ಸುತ್ತಿದರೂ ಚೆಂಡಿನ ಮೈ ಸರಿಯುವುದು ಸೆಕೆಂಡಿಗೆ ಏಳು ಮೀಟರ್‌ಗಿಂತ ಕಮ್ಮಿ. ಚೆಂಡು ಮುನ್ನುಗ್ಗುತ್ತಿರುವುದೋ 25 ಮೀಟರ್. ನೆಲದ ಉಜ್ಜಾಟ ವೇಗ ಕಸಿದೇ ಕಸಿಯುತ್ತದೆ. ಆದರೆ ನೆಲ ಚೆನ್ನಾಗಿ ಹಿಡಿತ ಕೊಟ್ಟರೆ, ಸುತ್ತದ ಚೆಂಡು ಗಂಟೆಗೆ 90ರಿಂದ 64 ಕಿ.ಮೀ.ಗೆ ಇಳಿಯುವ ಕಡೆ ಟಾಪ್‌ಸ್ಪಿನ್ 71ರಲ್ಲಿ ಉಳಿಯುತ್ತದೆ. ನಿರೀಕ್ಷೆಗಿಂತ ಕಮ್ಮಿ ಕಳೆದುಕೊಂಡದ್ದು ಬ್ಯಾಟ್ಸ್‌ಮನ್ ಕಣ್ಣಿಗೆ ಗಳಿಸಿದ ಹಾಗೆ ಕಾಣುತ್ತದೆ.

ಇದಕ್ಕೆ ಉಲ್ಟಾ ಫ್ಲಿಪ್ಪರ್. ನನಗೆ ಅದೇ ಹೆಚ್ಚು ಇಷ್ಟ. ಚಿಟಿಕೆ ಹೊಡೆಯುವ ಹಾಗೆ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚೆಂಡನ್ನು ಹಿಂಡಿ ಜಾರಿಸಬೇಕು. ಒಂದು ನಿಂಬೆಹಣ್ಣು ಹಿಡಿದು ಮಾಡಿ ನೋಡಿ, ಬೆರಳು ನೋಯುತ್ತದೆ. ಚೆಂಡು ಹಿಮ್ಮುಖವಾಗಿ ಸುತ್ತುತ್ತದೆ, ಗಾಳಿ ಅದನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಶಾರ್ಟ್ ಬಾಲ್, ತನ್ನಿಂದ ದೂರದಲ್ಲೇ ಬೀಳುತ್ತೆ ಅಂತ ಬ್ಯಾಟ್ಸ್‌ಮನ್ ಹಿಂದಕ್ಕೆ ಹೋಗುತ್ತಾನೆ. ಅದು ಇನ್ನೂ ಮುಂದೆ ಬಂದು ಬಿದ್ದು, ಪುಟಿಯದೆ ನೆಲ ಸವರಿಕೊಂಡು ನುಗ್ಗುತ್ತದೆ. ಬೆರಳು ಎತ್ತುವ ಅಂಪೈರ್‌ಗೂ ಯೋಚನೆಗೆ ಏನೂ ಉಳಿದಿರುವುದಿಲ್ಲ. 619ರಲ್ಲಿ 156 ವಿಕೆಟ್ ಎಲ್‌ಬಿಡಬ್ಲ್ಯು (ಸ್ಟಂಪಿಗೆ ಹೋಗುತ್ತಿದ್ದ ಚೆಂಡಿಗೆ ಕಾಲು ಅಡ್ಡ ಬಂದು ಔಟ್), ಅಂದರೆ ಕಾಲುಭಾಗ. ಮಾರುದ್ದ ತಿರುಗಿಸುವವನಿಗೆ ಇದು ಇಷ್ಟು ಸುಲಭವಲ್ಲ. ಸ್ಟಂಪ್‌ಗಳ ಒಟ್ಟು ಅಗಲವೇ 22.86 ಸೆಂ.ಮೀ., ಚೆಂಡು ಅದರೊಳಗೇ ಇರಬೇಕಲ್ಲ.

1999ರ ಫೆಬ್ರವರಿ 7. ಅದೇ ಕೋಟ್ಲಾ. ಪಾಕಿಸ್ತಾನ ಒಂದೂ ವಿಕೆಟ್ ಬೀಳದೆ 101. ಅಲ್ಲಿಂದ 207ಕ್ಕೆ ಆಲೌಟ್. ಹತ್ತಕ್ಕೆ ಹತ್ತೂ ಕುಂಬ್ಳೆಗೆ, 74 ರನ್ನಿಗೆ. ಆ ಹತ್ತನ್ನು ಬಿಡಿಸಿ ನೋಡಿ: ಮೂರು ಎಲ್‌ಬಿಡಬ್ಲ್ಯು, ಎರಡು ಬೌಲ್ಡ್, ಐದು ಕ್ಯಾಚ್. ಕೊನೆಯದು ವಾಸಿಂ ಅಕ್ರಮ್, ಶಾರ್ಟ್ ಲೆಗ್‌ನಲ್ಲಿ ಲಕ್ಷ್ಮಣ್ ಕೈಗೆ. ಮೇಲಿನ ಲೆಕ್ಕವೆಲ್ಲ ಒಂದೇ ಇನಿಂಗ್ಸ್‌ನಲ್ಲಿ ಬಂದುಹೋಗಿದೆ.

ಒಂಬತ್ತು ವರ್ಷದ ನಂತರ ಅಲ್ಲೇ ಕೊನೆಯ ಟೆಸ್ಟ್, ಆಸ್ಟ್ರೇಲಿಯಾ ಮೇಲೆ. ಫೀಲ್ಡಿಂಗ್ ಮಾಡುವಾಗ ಎಡಗೈ ಕಿರುಬೆರಳು ಸೀಳಿತು. ಹೊಲಿಗೆ ಹಾಕಿಸಿಕೊಂಡು, ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ವಾಪಸ್ ಬಂದರು. 619ನೇ ವಿಕೆಟ್ ಸ್ಕೋರ್‌ಕಾರ್ಡಿನಲ್ಲಿ ಹೀಗಿದೆ: ಮಿಚೆಲ್ ಜಾನ್ಸನ್, ಕಾಟ್ ಅಂಡ್ ಬೌಲ್ಡ್ ಕುಂಬ್ಳೆ. ಅಂದರೆ ತಾವೇ ಹಾಕಿದ ಚೆಂಡು, ತಾವೇ ಹಿಡಿದ ಕ್ಯಾಚ್.